ಪತ್ತನಾಜೆಯ ಖಾಲಿ ಮುಷ್ಟಿ

ಗಿರಿಜಳ ಪಕ್ಕದಲ್ಲಿ ಕುಳಿತು ನಾನು ಮಣ್ಣಿಗೆ ಕೈಯಿಟ್ಟಾಗ ನನ್ನ ಮುಷ್ಟಿಯೊಳಗೆ ಬೀಜವೇ ಇರಲಿಲ್ಲ. ಬಿತ್ತಿದಂತೆ ನಟಿಸಿದೆ. ಅವಳು ನನ್ನನ್ನು ನೋಡಿಕೊಂಡು ತನ್ನದನ್ನು ಬಿತ್ತಿದಳು — ಅವಳ ತಾಯಿ ಬೂದಿಯಲ್ಲಿ ಹೊರಳಿಸಿ ಕಾಪಿಟ್ಟಿದ್ದ ಮುಳ್ಳುಸೌತೆಯ ಬೀಜ. ಅದು ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಒಂದಲ್ಲ, ಎರಡು ವರ್ಷ.

ನಾನು ಎಂಥವಳೆಂದು ಮೊದಲು ಹೇಳಿಬಿಡುತ್ತೇನೆ. ಗಂಡ ದುಡಿಯುತ್ತಿದ್ದ ಮುಂಬಯಿಯ ಪರೇಲಿನ ಬಟ್ಟೆ ಮಿಲ್ಲು ಬಾಗಿಲು ಹಾಕಿದ ಮೇಲೆ, ಬೊರಿವಲಿಯ ನಮ್ಮ ಬಿಲ್ಡಿಂಗಿನ ಹಿಂದಿದ್ದ ತುಂಡು ನೆಲದಲ್ಲಿ ಹರಿವೆ, ಬಸಳೆ, ಬೆಂಡೆ, ಮುಳ್ಳುಸೌತೆ ಬೆಳೆದು, ಸ್ಟೇಷನ್ನಿನ ಹತ್ತಿರದ ಹೋಟೆಲಿಗೆ ಕೊಟ್ಟು ಸಂಸಾರ ನಿಲ್ಲಿಸಿದವಳು ನಾನು. ಯಾರೂ ಕಲಿಸಲಿಲ್ಲ. ಆ ಹೋಟೆಲಿನ ಭಟ್ಟರು ಒಮ್ಮೆ ಅಡುಗೆಯವರೆಲ್ಲ ಕೇಳುವಂತೆ ಹೇಳಿದ್ದರು: "ಜಲಜಕ್ಕ, ನಿಮ್ಮ ಹತ್ತಿರ ಚೌಕಾಶಿ ಮಾಡುವುದಕ್ಕಿಂತ ಸಂಜೆಯ ಕಿಕ್ಕಿರಿದ ವಿರಾರ್ ಲೋಕಲ್ ಟ್ರೈನಿನಿಂದ ಬೊರಿವಲಿಯಲ್ಲಿ ಇಳಿಯುವುದು ಸುಲಭ ಮಾರಾಯ್ರೆ." ಆ ಮಾತು ಇವತ್ತಿಗೂ ನನಗೆ ಸನ್ಮಾನವೇ.

ನಮ್ಮ ಬಿಲ್ಡಿಂಗಿನಲ್ಲಿ ತುಳುನಾಡಿನ ನಮ್ಮ ಊರಿನವರೇ ಹೆಚ್ಚು. ಕೆಳಗಿನ ಮನೆಗಳವರಿಗೆ ಹಿಂದುಗಡೆ ಒಂದೊಂದು ಪಟ್ಟಿ ಜಾಗ. ಊರಿನಲ್ಲಿ ಮೇ ಕೊನೆಯ ವಾರದ ಪತ್ತನಾಜೆಯಂದು ಮಳೆಗಾಲದ ತರಕಾರಿಗೆ ಬೀಜ ಹಾಕುತ್ತಾರೆ; ಮುಂಬಯಿಗೆ ಬಂದರೂ ಎಲ್ಲರೂ ಅದೇ ದಿನ ಹಾಕುತ್ತಿದ್ದರು. ನಾನೂ ಮೊದಲ ಮೂರು ವರ್ಷ ಹಾಕಿ ಮೂರು ಸಲವೂ ಕಳೆದುಕೊಂಡೆ. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನದಿನದ ಬಿಸಿಲು, ಮಳೆ, ಗಾಳಿ ಗುರುತು ಹಾಕತೊಡಗಿದೆ. ಆಗ ತಿಳಿಯಿತು — ಊರಿನ ಮಳೆ ಇಲ್ಲಿಗೆ ಬರುವುದು ಎರಡು ವಾರ ತಡ. ಅಷ್ಟರೊಳಗೆ ಬಿಸಿಲು ಎಳೆಗಿಡವನ್ನು ಸುಡುತ್ತದೆ. ಉಳಿದದ್ದನ್ನು ಮೊದಲ ದೊಡ್ಡ ಮಳೆ ಕೊಳೆಸುತ್ತದೆ.

ಹಾಗಾಗಿ ನಾನು ಜೂನ್ ಮೊದಲ ವಾರ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ, ಅಡುಗೆಮನೆಯ ಕಿಟಕಿಯ ಒಳಗೆ ಬೀಜ ಮೊಳೆಸುತ್ತಿದ್ದೆ. ದೊಡ್ಡ ಮಳೆ ಸುರಿದು ಬಿಡುವು ಕೊಟ್ಟ ದಿನ, ಯಾರೂ ಏಳದ ಬೆಳಗಿನ ಜಾವ, ಗೇಣೆತ್ತರ ಮಣ್ಣು ಏರಿಸಿದ ಗುಡ್ಡೆಯ ಮೇಲೆ ನೆಡುತ್ತಿದ್ದೆ. ಬಾಲ್ಕನಿಯಲ್ಲಿ ಬೆಳೆಯುವವರು ಇದನ್ನು ಬರೆದಿಟ್ಟುಕೊಳ್ಳಿ: ಗುಡ್ಡೆ ಇರಲಿ, ಕುಂಡವೇ ಇರಲಿ, ನೀರು ಬುಡದಲ್ಲಿ ಒಂದು ಗಂಟೆಯೂ ನಿಲ್ಲಬಾರದು. ಈ ವಿದ್ಯೆ ನನ್ನದು. ಅದರ ಹೆಮ್ಮೆ ನನಗೆ ಈಗಲೂ ಇದೆ.

ಆದರೆ ಇದನ್ನು ಯಾರಿಗೂ ಹೇಳಲಿಲ್ಲ. ಎಲ್ಲದಕ್ಕೂ ಸಲಹೆ ಕೊಡುವ ಬಾಯಿ ನನ್ನದು — ರೇಷನ್ ಕಾರ್ಡಿಗೆ ಯಾರನ್ನು ಹಿಡಿಯಬೇಕು, ಮಗಳಿಗೆ ಯಾವ ಸಂಬಂಧ ನೋಡಬೇಕು, ಎಲ್ಲದಕ್ಕೂ. ಇದೊಂದನ್ನು ನುಂಗಿಕೊಂಡೆ. ಎಲ್ಲರ ಬಳ್ಳಿ ಸತ್ತು ನನ್ನದು ಮಾತ್ರ ಚಪ್ಪರ ಹತ್ತಿದಾಗ "ಜಲಜಕ್ಕನ ಕೈಗುಣ" ಎನ್ನುತ್ತಿದ್ದರು. ಕೇಳಲು ಹಿತವಾಗಿತ್ತು. ಅದು ಕೆಡದಿರಲೆಂದೇ ಪ್ರತಿ ಪತ್ತನಾಜೆಗೂ ಎಲ್ಲರೊಡನೆ ಕುಳಿತು ಖಾಲಿ ಮುಷ್ಟಿ ಒತ್ತುತ್ತಿದ್ದೆ. ಮೊಳಕೆ ಕಾಣದಿದ್ದರೆ "ನನ್ನ ಬೀಜ ನಿಧಾನ" ಎನ್ನುತ್ತಿದ್ದೆ.

ಗಿರಿಜ ಪಕ್ಕದ ಮನೆಗೆ ಬಂದದ್ದು ಎಂಬತ್ತರ ದಶಕದ ಕೊನೆಗೆ. ಕಾರ್ಕಳದ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ತಾಯಿ ತೀರಿಕೊಂಡ ವರ್ಷವೇ ಬಂದಳು, ಆ ಬೀಜದ ಗಂಟಿನೊಂದಿಗೆ. ಅವಳ ಪಟ್ಟಿಗೆ ದಿನವಿಡೀ ಬಿಸಿಲು. ನನ್ನದಕ್ಕೆ ಮಧ್ಯಾಹ್ನದವರೆಗೂ ಗೋಡೆಯ ನೆರಳು. ಆ ಜಾಗದ ಮೇಲೆ ನನಗೆ ಕಣ್ಣಿತ್ತು — ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಇತ್ತು.

ಮೊದಲ ವರ್ಷ ಅವಳ ಗಿಡ ಜಡಿಮಳೆಗೆ ಕೊಳೆಯಿತು. ಎರಡನೆಯ ವರ್ಷ ಮಳೆ ಎರಡು ದಿನ ಬಂದು ಆಸೆ ತೋರಿಸಿ, ಹನ್ನೆರಡು ದಿನ ಮುಖ ಮರೆಸಿತು. ಅವಳು ಗೋಣಿಚೀಲ ಕಟ್ಟಿ ನೆರಳು ಮಾಡಿದಳು; ಬೆಳಿಗ್ಗೆ ನಲ್ಲಿಯಲ್ಲಿ ಬಂದ ನೀರಿನಲ್ಲಿ ತನ್ನ ಸ್ನಾನದ ಪಾಲನ್ನು ಗಿಡಗಳಿಗೆ ಹೊಯ್ದಳು. ನಾನು ಕಿಟಕಿಯಿಂದ, ನನ್ನ ಗೆರಟೆಗಳ ಮೇಲಿನಿಂದ, ನೋಡುತ್ತಿದ್ದೆ. ಆಗಲಾದರೂ —

ಗಿಡವೆಲ್ಲ ಒಣಗಿದ ಮೇಲೆ ಕೇಳಿದಳು: "ಜಲಜಕ್ಕ, ಇಬ್ಬರೂ ಒಂದೇ ದಿನ ಹಾಕಿದ್ದಲ್ವಾ? ನಾನು ಎಂತ ತಪ್ಪು ಮಾಡಿದೆ?"

ಒಂದು ವಾಕ್ಯದಲ್ಲಿ ಮುಗಿಯುವ ಉತ್ತರವಿತ್ತು. ನಾನು ಹೇಳಿದ್ದು ಇದು: "ತಪ್ಪೆಂತದ್ದು ಮಾರಾಯ್ತಿ, ಕೆಲವರ ಕೈಗೆ ಹತ್ತುವುದಿಲ್ಲ, ಅಷ್ಟೇ."

ಅವಳು ತನ್ನ ಅಂಗೈ ನೋಡಿಕೊಂಡಳು. ವಾರ ಕಳೆದು ಬಟ್ಟೆಯ ಗಂಟು ತಂದು ನನ್ನ ಮುಂದಿಟ್ಟಳು. "ಸ್ವಲ್ಪ ಬೀಜ ಉಳಿದಿದೆ. ಅಮ್ಮನದ್ದು ನನ್ನ ಕೈಯಲ್ಲಿ ಮುಗಿಯುವುದು ಬೇಡ. ಜಾಗವನ್ನೂ ನೀವೇ ನೋಡಿಕೊಳ್ಳಿ ಅಕ್ಕ." ಇಡೀ ಜೀವಮಾನದಲ್ಲಿ ಚೌಕಾಶಿ ಮಾಡದೆ ನಾನು ಗೆದ್ದ ವ್ಯಾಪಾರ ಅದೊಂದೇ.

ಮರುವರ್ಷ ಅವಳ ತಾಯಿಯ ಮುಳ್ಳುಸೌತೆ ಅವಳದೇ ನೆಲದಲ್ಲಿ, ನನ್ನ ಕೈಯಲ್ಲಿ, ಹೇಗೆ ಬಂತೆನ್ನುತ್ತೀರಿ — ಒಂದೊಂದು ಮೊಣಕೈಯುದ್ದ, ಮುರಿದರೆ ನೀರು ಜಿನುಗುವಷ್ಟು ಎಳಸು. ಚೌತಿಗೆ ಮೊದಲ ಕಾಯಿ ಅವಳಿಗೇ ಕೊಟ್ಟೆ. ಒಂದು ಹೋಳು ತಿಂದು, "ಅಮ್ಮನ ಹಿತ್ತಿಲಿನ ರುಚಿಯೇ. ನಿಮ್ಮ ಉಪಕಾರ ಮರೆಯುವುದಿಲ್ಲ" ಎಂದಳು. ಆ ಉಪಕಾರವನ್ನೂ ನಾನು ಇಟ್ಟುಕೊಂಡೆ.

ಗಿರಿಜಳ ಮನೆಯವರು ವಿಕ್ರೋಳಿಗೆ ಮನೆ ಬದಲಿಸಿ ನಾಲ್ಕು ವರ್ಷವಾಯಿತು. ಕಳೆದ ತಿಂಗಳು ಅವಳ ಮನೆಗೆ ಹೋಗಿದ್ದೆ. ಬಾಲ್ಕನಿಯಲ್ಲಿ ಸೊಂಪಾದ ತುಳಸಿ. ಚೆನ್ನಾಗಿ ಬಂದಿದೆ ಎಂದೆ. ಅವಳು ನಕ್ಕಳು: "ನೆಟ್ಟದ್ದು ಮೇಲಿನ ಮನೆಯವರು. ನೀರೂ ಮಗಳೇ ಹಾಕುವುದು. ನನ್ನ ಕೈ ನಿಮಗೆ ಗೊತ್ತುಂಟಲ್ಲ."

ನಾನು ಒಂದು ಮಾತು ಹೇಳಿ ಅವಳ ನೆಲ ತೆಗೆದುಕೊಂಡೆ ಎಂದಷ್ಟೇ ತಿಳಿದಿದ್ದೆ. ಅವಳು ಆ ಮಾತನ್ನು ಇಷ್ಟು ವರ್ಷ ಎರಡು ಕೈಗಳಲ್ಲಿ ಹೊತ್ತು ತಿರುಗಿದ್ದಾಳೆ. ಗಿಡಕ್ಕೆ ನೀರೆರೆಯಲೂ ಹೆದರುವ ಕೈಗಳು — ಗೋಣಿ ಕಟ್ಟಿ ನೆರಳು ಮಾಡಿದ ಕೈಗಳು.

ಬರುವ ಭಾನುವಾರ ವಿಕ್ರೋಳಿಗೆ ಹೋಗುತ್ತೇನೆ. ಅವಳ ಗಂಡ, ಮಗಳು, ಆ ಮೇಲಿನ ಮನೆಯವರು ಕೇಳುವಂತೆಯೇ ಹೇಳುತ್ತೇನೆ: ನಾನು ಬಿತ್ತಿರಲಿಲ್ಲ, ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಅವಳ ತಾಯಿಯ ಬೀಜ, ವರ್ಷವರ್ಷ ಬೆಳೆದು ಕಾಪಿಟ್ಟದ್ದು, ನನ್ನಲ್ಲಿ ಇನ್ನೂ ಇದೆ, ಆದರೆ ಅಂದು ಒಯ್ಯುವುದಿಲ್ಲ. ಮೊದಲೇ ಅದನ್ನು ಮುಂದಿಟ್ಟರೆ ಅದೂ ನನ್ನ ಒಂದು ಚೌಕಾಶಿಯಾದೀತು. ಅವಳಾಗಿ ಕೇಳಿದರೆ ಕೊಡುತ್ತೇನೆ, ಕೇಳದಿದ್ದರೆ — ಅದು ಅವಳಿಗೆ ಬಿಟ್ಟದ್ದು. ಬಾಗಿಲು ಹಾಕಿಕೊಂಡರೆ ಮೆಟ್ಟಿಲ ಮೇಲೆ ನಿಂತು, ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ ಬರುತ್ತೇನೆ.