ಎಟೆಲ್ವಿನಾ ಕೊಯ್ದ ಗಂಟುಗಳು

ಕತ್ತಾಳೆ ಕೊಯ್ಯುವವರ ಕೈ ಯಾವತ್ತೂ ಸುಖ ಕಂಡ ಕೈಯಲ್ಲ. ಬಾಹಿಯಾ ಪ್ರಾಂತ್ಯದ ಒಳನಾಡಿನ ಆ ಹಳ್ಳಿಯಲ್ಲಿ ದಿನಕ್ಕೊಬ್ಬರ ಬೆರಳಿಗೆ ಮುಳ್ಳು ಚುಚ್ಚುತ್ತಿತ್ತು. ಮುಳ್ಳು ಕೀವಾದರೆ ಕಂಕುಳಲ್ಲಿ ಗಂಟು ಏಳುತ್ತಿತ್ತು. ಗಂಟು ಎದ್ದವರು ನೆಟ್ಟಗೆ, ಊರವರು ಗೌರವದಿಂದ ಡೊನಾ ಎನ್ನುತ್ತಿದ್ದ ಎಟೆಲ್ವಿನಾಳ ಅಂಗಳಕ್ಕೆ ಬರುತ್ತಿದ್ದರು. ಮೂವತ್ತೆಂಟು ವರ್ಷ ಹೀಗೇ ನಡೆಯಿತು.

ಅವಳು ಒಲೆಯ ಬೂದಿಯನ್ನು ನೆಲಕ್ಕೆ ಹರಡಿ ಅದರ ಮೇಲೆ ಬಂದವರ ಅಂಗೈ ಒತ್ತಿಸುತ್ತಿದ್ದಳು. ಮೂಡಿದ ಗುರುತಿನ ಮೇಲೆ ಚಾಕುವಿನಿಂದ ಅಡ್ಡಡ್ಡ ಗೀರುತ್ತ, "ಏನು ಕೊಯ್ಯಲಿ?" ಎಂದು ಕೇಳುವಳು. "ಗಂಟು" ಎನ್ನಬೇಕು. ಹೀಗೆ ಮೂರು ಶುಕ್ರವಾರ. ದುಡ್ಡು ಕೊಡುವಂತಿಲ್ಲ, ಉಪಕಾರವಾಯಿತು ಅಂದರೂ ಕೆಲಸ ಕೆಡುತ್ತದೆ.

ಬರೀ ಬೂದಿಯನ್ನು ನಂಬಿ ಕೂತವಳೂ ಅಲ್ಲ ಅವಳು. ಮೊದಲು ಮುಳ್ಳು ತೆಗೆದು, ಗಾಯ ತೊಳೆದು, ಬಿಸಿ ನೀರಲ್ಲಿ ಅದ್ದಿದ ಬಟ್ಟೆಯಿಂದ ಕಂಕುಳಿಗೆ ಕಾವು ಕೊಡುವಳು. "ಹಿಂಡ್ಬೇಡ್ರೇ, ಹಿಂಡಿದ್ರೆ ಇನ್ನೂ ಕೆಡತ್ತೆ. ಅಲ್ಲಿ ಬ್ಲೇಡು ಆಡಿಸ್ಬೇಡಿ. ಸಡಿಲ ಅಂಗಿ ಹಾಕ್ಕೊಳ್ಳಿ" ಎಂದು ಗದರುವಳು. ಜ್ವರ ಏರಿದವರನ್ನು ತಾನೇ ಆರೋಗ್ಯ ಕೇಂದ್ರಕ್ಕೆ ಅಟ್ಟುವಳು. ದಡ್ಡಿಯಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಆಮೇಲೆ ಊರೆಲ್ಲ ಅವಳನ್ನು ದಡ್ಡಿ ಅಂದಿತು.

ಅವಳಿಗೆ ಒಬ್ಬಳೇ ಮಗಳು, ಡಾಲ್ವಾ. ಮೂವತ್ತನಾಲ್ಕರ ಹೆಣ್ಣು, ಕತ್ತಾಳೆ ನಾರು ಒಣಗಿಸುವ ಕೆಲಸ. ಜೂನ್ ತಿಂಗಳ ಸಾಂ ಜೊವಾಂವ್ ಹಬ್ಬಕ್ಕೆ ಬಣ್ಣದ ಕಾಗದದ ಬಾವುಟ ಕಟ್ಟಲು ಕೈ ಎತ್ತಿದವಳು ಹಾಗೇ ನಿಂತಳು.

"ಅಮ್ಮಾ, ಇಲ್ಲೇನೋ ಗಂಟು ಥರ ಸಿಗ್ತಿದೆ."

ಎಟೆಲ್ವಿನಾ ಕಂಕುಳನ್ನು ಸರಿಯಾಗಿ ನೋಡಲೂ ಇಲ್ಲ, ಮಗಳ ಕೈ ನೋಡಿದಳು. ಹೆಬ್ಬೆರಳಲ್ಲಿ ಮುಳ್ಳಿನ ಗಾಯವಿತ್ತು. ಕಾರಣ ಸಿಕ್ಕಿತು, ಮುಗಿಯಿತು. ಆ ಊರಲ್ಲಿ ಗಾಯವಿಲ್ಲದ ಹೆಬ್ಬೆರಳು ಯಾರದಿತ್ತು? ಹುಡುಕಿದರೆ ಎಲ್ಲರ ಕೈಯಲ್ಲೂ ಒಂದು ಕಾರಣ ಸಿಗುತ್ತಿತ್ತು. ಅದು ಅವಳಿಗೆ ಹೊಳೆಯಲೇ ಇಲ್ಲ.

ಮೂರು ಶುಕ್ರವಾರ ಕಳೆದವು.

"ನೋಯುತ್ತಾ?"

"ಇಲ್ಲಮ್ಮ. ಒತ್ತಿದ್ರೂ ನೋಯಲ್ಲ. ಕಲ್ಲಿನ ಥರ ಇದೆ."

"ನೋವಿಲ್ಲ ತಾನೇ? ನನ್ನ ಚಾಕು ಕೆಲಸ ಮಾಡ್ತಿದೆ ಅಂತಾಯ್ತು."

ವಾಸಿಯಾಗಿ ಹೋಗುವುದಕ್ಕೆ ನೋವು ಮೊದಲಿಂದಲೂ ಇರಲಿಲ್ಲ. ಇನ್ನೂ ಮೂರು ಶುಕ್ರವಾರ ಗೀರಿದಳು, ಮತ್ತೆ ಮೂರು. ಹೆಬ್ಬೆರಳು ವಾಸಿಯಾಯಿತು, ಗಂಟು ಮಾತ್ರ ಇದ್ದಲ್ಲೇ ಇತ್ತು.

"ಒಂದ್ಸಲ ಆರೋಗ್ಯ ಕೇಂದ್ರಕ್ಕೆ ಹೋಗ್ಬರ್ಲಾ ಅಮ್ಮ?" ಎಂದು ಡಾಲ್ವಾ ಮೆಲ್ಲಗೆ ಕೇಳಿದಳು.

"ಊರೋರೆಲ್ಲ ನನ್ನ ಹತ್ರ ಬರ್ತಾರೆ, ನನ್ನ ಮಗಳು ಅಲ್ಲಿ ಸಾಲಲ್ಲಿ ನಿಂತ್ರೆ ನಾನು ಮುಖ ಎಲ್ಲಿಟ್ಕೊಳ್ಳಲೇ?"

ಆ ಮುಖ ಉಳಿಯಿತು.

ಕ್ರಿಸ್ಮಸ್ ಕಳೆದ ಮೇಲೆ ಮನೆಮನೆಗೆ ಲಸಿಕೆ ಹಾಕಲು ಬಂದ ನರ್ಸ್, ಡಾಲ್ವಾ ತೋಳು ಎತ್ತಲು ಕಷ್ಟಪಡುವುದನ್ನು ಕಂಡು ಒಳಗೆ ಕರೆದೊಯ್ದು ಪರೀಕ್ಷೆ ಮಾಡಿದಳು. ಗಂಟಿನ ಬೇರು ಕೈಯಲ್ಲಿರಲಿಲ್ಲ, ಎದೆಯಲ್ಲಿತ್ತು.

"ಎಷ್ಟು ದಿನದಿಂದ?"

"ಸಾಂ ಜೊವಾಂವ್ ಹಬ್ಬದಿಂದ."

ಆಸ್ಪತ್ರೆಗೆ ಚೀಟಿ ಬರೆಯುತ್ತ ನರ್ಸ್ ತಾಯಿಯ ಮುಖ ನೋಡಿದಳು. ಕೆನ್ನೆಗೆ ಎರಡು ಬಾರಿಸಿದ್ದರೂ ಎಟೆಲ್ವಿನಾಗೆ ಅಷ್ಟು ಉರಿಯುತ್ತಿರಲಿಲ್ಲ.

ಪಟ್ಟಣದ ಆಸ್ಪತ್ರೆಯಲ್ಲಿ ಮೊಲೆ ತೆಗೆದರು. ಮನೆಗೆ ಬಂದ ಡಾಲ್ವಾ, "ಅವ್ರು ಏನು ಕೊಯ್ಯಲಿ ಅಂತ ಕೇಳ್ಲೇ ಇಲ್ಲಮ್ಮ. ಕೊಯ್ದೇಬಿಟ್ರು" ಎಂದು ನಕ್ಕಳು. ಮುಂದಿನ ಹಬ್ಬಕ್ಕೆ ಅವಳಿರಲಿಲ್ಲ.

ಆಮೇಲೆ ಎಟೆಲ್ವಿನಾ ಯಾರ ಕೈಯನ್ನೂ ಮೊದಲು ನೋಡಲಿಲ್ಲ. ನೋಯುತ್ತಾ, ಎಷ್ಟು ದಿನವಾಯಿತು ಎಂದು ಕೇಳುವಳು. ನೋವಿಲ್ಲ ಎಂದರೆ, ಎರಡು ವಾರ ದಾಟಿದೆ ಎಂದರೆ, ಬೂದಿ ಮುಟ್ಟುತ್ತಿರಲಿಲ್ಲ.

ಪಕ್ಕದ ಮನೆಯ ಕ್ರೆಮಿಲ್ಡಾ ಕಂಕುಳಲ್ಲಿ ಗಂಟು ಎಂದು ಬಂದಳು. ಹೆಬ್ಬೆರಳಲ್ಲಿ ಮುರಿದ ಮುಳ್ಳು ಕಪ್ಪಗೆ ಕಾಣುತ್ತಿತ್ತು.

"ನೋಯುತ್ತಾ?"

"ಸ್ವಲ್ಪಾನೂ ಇಲ್ಲ ದೊಡ್ಡಮ್ಮ, ತಿಂಗಳಾಯ್ತು."

"ಆಸ್ಪತ್ರೆಗೆ ನಡಿ."

"ಮುಳ್ಳು ಕಣ್ಣಿಗೆ ಕಾಣ್ತಿದೆಯಲ್ಲ!"

"ಮುಳ್ಳಿನ ಮಾತೆತ್ತಿದ್ರೆ ನೋಡು!" ಎಂದು ಮುದುಕಿ ಅವಳ ರಟ್ಟೆ ಹಿಡಿದು ಪಟ್ಟಣದ ಲಾರಿಗೆ ಹತ್ತಿಸಿದಳು.

ಮೂರನೇ ವಾರ ಕ್ರೆಮಿಲ್ಡಾ ಬೀದಿಯಲ್ಲೇ ನಿಂತು ಕೂಗಾಡಿದಳು. "ಏನೂ ಇಲ್ವಂತೆ! ಸೂಜಿ ಚುಚ್ಚಿ ನೋಡಿದ್ರು, ಬರೀ ಮುಳ್ಳಿನ ಗಂಟಂತೆ! ಮೂರು ಸಲ ಲಾರಿ ಹತ್ತಿಳಿದು ಸೊಂಟ ಬಿದ್ದುಹೋಯ್ತು. ನಿನ್ನ ಕೈಗುಣ ಮಗಳ ಜೊತೇಲೇ ಮಣ್ಣಾಯ್ತು ಮುದುಕಿ. ಇನ್ಮೇಲೆ ನಿನ್ನ ಅಂಗಳಕ್ಕೆ ಯಾರು ಬರ್ತಾರೋ ನೋಡ್ತೀನಿ!"

ಬಾಗಿಲಲ್ಲಿ ನಿಂತಿದ್ದ ಹೆಂಗಸರು ಯಾರೂ ಅವಳನ್ನು ತಡೆಯಲಿಲ್ಲ. ಅವರಲ್ಲಿ ಅರ್ಧದಷ್ಟು ಜನರ ಗಂಟನ್ನು ಕರಗಿಸಿದ್ದು ಎಟೆಲ್ವಿನಾಳೇ.

ಮುದುಕಿ ಬೇಲಿಯ ಗೂಟ ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳು."

"ಏನನ್ನ?"

"ಡಾಕ್ಟ್ರು ಹೇಳಿದ್ದು."

ಕ್ರೆಮಿಲ್ಡಾಳ ದನಿ ಇಳಿಯಿತು. "ಏನೂ ಇಲ್ಲ ಅಂದ್ರು."

ಡಾಲ್ವಾಳನ್ನು ಪರೀಕ್ಷೆಗೆ ಒಳಗೆ ಕರೆದೊಯ್ದ ದಿನ, ಆ ಎರಡು ಮಾತಿಗಾಗಿ ಎಟೆಲ್ವಿನಾ ಆಸ್ಪತ್ರೆಯ ಬಾಗಿಲಲ್ಲಿ ಇಡೀ ದಿನ ನಿಂತಿದ್ದಳು. ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ.