ಜ್ವರದ ಮನೆಗೆ ಬಂದ ಬಾಸು ಮೀನು

ಸಾರಿನ ಮಡಕೆಗೆ ಮೀನು ಬಿಟ್ಟ ಮೇಲೆ ಸೌಟು ಹಾಕಬಾರದು. ಇದು ಎಲ್ಲರಿಗೂ ಗೊತ್ತು, ಆದರೂ ಎಲ್ಲರ ಕೈಯೂ ಸೌಟಿನ ಕಡೆಗೇ ಹೋಗುತ್ತೆ. ಬಟ್ಟೆಯಲ್ಲಿ ಮಡಕೆಯ ಕಂಠ ಹಿಡಿದು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಕುಲುಕಿಸಿ ಸುಮ್ಮನೆ ಇಟ್ಟರೆ ಒಳಗಿರುವುದು ತನ್ನಷ್ಟಕ್ಕೆ ತಾನು ಬೆಂದುಕೊಳ್ಳುತ್ತೆ. ನಮ್ಮ ಜನಕ್ಕೆ ಸುಮ್ಮನಿರುವುದೇ ಆಗುವುದಿಲ್ಲ. ಸೌಟು ಇದ್ದರೆ ತಿರುವಬೇಕು, ಫೋನು ಇದ್ದರೆ ಮಾಡಬೇಕು, ಯಾರಾದರೂ ಮಾಡಿದರೆ ಎತ್ತಬೇಕು. ನಾನು ಎತ್ತಿದ ಒಂದು ಫೋನಿನಿಂದ ಆದ ರಾದ್ಧಾಂತವನ್ನು ಹೇಳಬೇಕು ಅಂತ ಕೂತಿದೀನಿ. ಅದಕ್ಕೂ ಮೊದಲು ಮುಳ್ಳಿನ ವಿಷಯ ಒಸಿ ಹೇಳಿಬಿಡುತ್ತೀನಿ.

ನಮ್ಮ ಅಕ್ಕೂರು ಕಡೆ ಕೆರೆ ಮೀನು ಅಂದರೆ ಮುಳ್ಳಿನ ಮೂಟೆ. ನಮ್ಮ ಯಜಮಾನರು ಬದುಕಿದ್ದಷ್ಟು ದಿನ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದದ್ದು ಮೀನು ತಿನ್ನುವಾಗ ಮಾತ್ರ. ಮಾತಾಡಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತಲ್ಲ! ಅದಕ್ಕೇ ನಾನು ಸಂತೆಯಲ್ಲಿ ಮುಳ್ಳು ಜಾಸ್ತಿ ಇರುವ ಮೀನನ್ನೇ ನೋಡಿ ನೋಡಿ ತರುತ್ತಿದ್ದೆ. ಮನೆಯಲ್ಲಿ ಆ ಹೊತ್ತು ಇರುತ್ತಿದ್ದ ನಿಶ್ಶಬ್ದ ದೇವಸ್ಥಾನದಲ್ಲೂ ಸಿಗುವುದಿಲ್ಲ. ಪ್ಯಾಟೆಯವರು ನೀವು, ಮುಳ್ಳಿಲ್ಲದ ಮೀನು ಕೇಳುತ್ತೀರಿ. ಊಟಕ್ಕೆ ಕೂತಿದ್ದೀರೋ ಬಸ್ಸು ಹಿಡಿಯೋಕೆ ಹೊರಟಿದ್ದೀರೋ, ನಿಮಗೇ ಗೊತ್ತು.

ಇರಲಿ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಇಂಥ ಮನೆಯಲ್ಲಿ ಹುಳ ಯಜಮಾನರು, ಮನುಷ್ಯರು ಬಾಡಿಗೆಗೆ ಇರುವವರು. ಹುಳ ಮೊಟ್ಟೆಯೊಡೆದು ಬಂದ ಮೇಲೆ ಗೂಡು ಕಟ್ಟುವವರೆಗೆ ನಾಲ್ಕು ಸಲ ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತು ಪೊರೆ ಕಳಚುತ್ತವೆ. ಅದಕ್ಕೆ ನಾವು ಜ್ವರ ಅನ್ನುತ್ತೀವಿ. ಕಾಯಿಲೆಯೇನಲ್ಲ, ಹಳೇ ಅಂಗಿ ಬಿಚ್ಚಿ ಹೊಸದು ಹಾಕಿಕೊಳ್ಳುವ ಸಂಭ್ರಮ ಅಷ್ಟೆ. ಆದರೆ ಹುಳಕ್ಕೆ ವಾಸನೆ ಅಂದರೆ ಆಗದು. ಬೀಡಿ ಆಗದು, ಊದುಕಡ್ಡಿ ಆಗದು, ಒಗ್ಗರಣೆಯ ಘಾಟು ಆಗದು, ಮೀನಂತೂ ಗೇಟು ದಾಟುವ ಹಾಗೇ ಇಲ್ಲ. ಮೀನು ತಿಂದವರನ್ನು ಅವತ್ತೆಲ್ಲ ನನ್ನ ಮಗ ನಂಜೇಗೌಡ ಹುಳದ ಮನೆ ಬಾಗಿಲಿಗೂ ಬಿಡುವುದಿಲ್ಲ, ಹೆತ್ತ ತಾಯಿಯಾದರೂ ಸರಿ. ಬಿಟ್ಟೂ ಇಲ್ಲ.

ಮೊಮ್ಮಗ ಮಂಜನ ಹೆಂಡತಿ ದೀಪ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ಮದುವೆಯಾಗಿ ಬಂದ ಹೊಸದರಲ್ಲಿ ಹುಳ ಕಂಡು ಕಿರುಚಿದಳು. ತಿಂಗಳು ಕಳೆಯುವಷ್ಟರಲ್ಲಿ ಅಂಗೈ ಮೇಲೆ ಹರಿದಾಡಿಸಿಕೊಂಡು ನಿಂತಿದ್ದಳು. ಈ ಬೆಳೆಗೆ ಮಾವನ ಮುಂದೆ ಹೋಗಿ, "ನಾಲ್ಕನೇ ಜ್ವರ ಎದ್ದಾಗ ಮೊದಲನೇ ಸೊಪ್ಪು ನಾನು ಹಾಕ್ತೀನಿ ಮಾವ" ಅಂತ ಕೇಳಿಯೇ ಬಿಟ್ಟಳು. ಅದು ಸಣ್ಣ ಮಾತಲ್ಲ. ಆತುರಪಟ್ಟು ಹಾಕಿದರೆ ಎದ್ದ ಹುಳ ತಿಂದು ಮುಂದಕ್ಕೆ ಹೋಗುತ್ತೆ, ಜ್ವರದಲ್ಲಿರುವುದು ಹಿಂದಕ್ಕೆ ಉಳಿಯುತ್ತೆ, ಬೆಳೆ ಏರುಪೇರು. ತಡ ಮಾಡಿದರೆ ಹಸಿದು ಸೊರಗುತ್ತವೆ. ಆ ಹೊತ್ತು ನೋಡಿ ಸೊಪ್ಪು ಹಾಕಿದವಳ ಮಾತನ್ನು ಆಮೇಲೆ ಮನೆಯಲ್ಲಿ ಯಾರೂ ತೆಗೆದುಹಾಕುವ ಹಾಗಿಲ್ಲ. ನಂಜ ಮೀಸೆ ನೀವಿಕೊಂಡು ಯೋಚನೆ ಮಾಡಿ, "ಆಯ್ತು ಕಣವ್ವ. ಅವತ್ತು ಮಾತ್ರ ಏನೂ ಮುಟ್ಬ್ಯಾಡ" ಅಂದ. ಹುಡುಗಿ ಅವತ್ತಿಂದ ಹೂವನ್ನೂ ಮುಡಿಯಲಿಲ್ಲ, ವಾಸನೆ ಅಂತ.

ಹುಳ ನಾಲ್ಕನೇ ಜ್ವರಕ್ಕೆ ಕೂತ ದಿನ ಸಾಯಂಕಾಲ ದೀಪನ ಫೋನು ಬಡಿದುಕೊಂಡಿತು. ಅವಳು ಹುಳದ ಮನೆಯೊಳಗಿದ್ದಳು, ನಾನು ಎತ್ತಿದೆ. ಅವಳ ಅಪ್ಪ, ನಮ್ಮ ಬೀಗರು ಪ್ರಭಾಕರ್.

"ಅಮ್ಮಾ, ಎಲ್ಲಾ ಚೆನ್ನಾಗಿದ್ದೀರಾ?"

"ಏನ್ ಚೆನ್ನಾಗೋ ಬೀಗ್ರೆ, ನಾಕ್ನೇ ಜ್ವರ. ಬೆಳಗ್ಗಿಂದ ಒಂದೂ ಬಾಯಿಗೆ ಏನೂ ಇಕ್ಕಿಲ್ಲ. ಎಲ್ಲಾ ತಲೆ ಎತ್ಕಂಡು ಹಂಗೇ ಕುಂತವೆ."

"ಅಯ್ಯೋ, ನಾಲ್ಕನೇ ಸಲವಾ? ಡಾಕ್ಟರಿಗೆ ತೋರಿಸಿದ್ರಾ?"

"ಡಾಕ್ಟ್ರು ಯಾಕೆ? ಸುಣ್ಣದ ಪುಡಿ ಉದುರ್ಸಿದೀವಿ. ನಾಳೆ ಏಳ್ತವೆ ಬುಡಿ."

"ದೀಪ ಎಲ್ಲಮ್ಮಾ?"

"ಅವ್ಳೂ ಒಳಗೇ ಅವ್ಳೆ. ಊಟಕ್ಕೂ ಎದ್ದು ಬಂದಿಲ್ಲ."

ಫೋನು ಕಟ್ಟಾಯಿತು. ಟವರು ಸರಿಯಿಲ್ಲ ಅಂದುಕೊಂಡೆ. ನಾನು ಮಕ್ಕಳನ್ನೂ ದನಕರುವನ್ನೂ ಹುಳವನ್ನೂ ಒಂದೇ ಥರ ಅವೆ, ಇವೆ ಅಂತ ಮಾತಾಡುವವಳು, ಹಾಗಾಗಿ ಆ ಮನುಷ್ಯನಿಗೆ ಅನುಮಾನವೇ ಬಂದಿರಲಿಕ್ಕಿಲ್ಲ.

ಬೆಳಗ್ಗೆ ಗೇಟಿನ ಮುಂದೆ ಕಾರು ನಿಂತಿತು. ಬೀಗರು ಮೂಗುಬಾಯಿಗೆ ಮಾಸ್ಕು ಕಟ್ಟಿಕೊಂಡು ಇಳಿದರು. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಐಸು ತುಂಬಿದ ಡಬ್ಬಿ. ರಿಟೈರಾದ ಮೇಲೆ ಅವರು ಕನಕಪುರದ ರಸ್ತೆಯಲ್ಲಿ ಚೂರು ಜಮೀನು ತಗೊಂಡು, ಕೊಳ ತೋಡಿಸಿ ಮೀನು ಸಾಕಿದ್ದರು. ಸಿಹಿನೀರಿನಲ್ಲಿ ಬೆಳೆಯುವ ಪಟ್ಟೆ ಬಾಸು ಅಂತ ಮರಿ ಮಾರಿದವನು ಹೇಳಿದ್ದನಂತೆ. ಮೊದಲನೇ ಸಲ ಬಲೆ ಬಿಡುವಾಗ ಮಗಳು ಅಳಿಯ ಎದುರಿಗಿರಬೇಕು ಅಂತ ಕಾದುಕೊಂಡಿದ್ದವರು ನನ್ನ ಮಾತು ಕೇಳಿ ತಾವೇ ಬಲೆ ಬಿಟ್ಟು ಹಿಡಿದು ತಂದಿದ್ದರು, ಜ್ವರದವರಿಗೆ ಮುಳ್ಳಿಲ್ಲದ ಮೀನಿನ ಸೂಪು ಒಳ್ಳೆಯದು ಅಂತ.

ನಂಜ ಗೇಟಿಗೆ ಅಡ್ಡ ಕೈ ಚಾಚಿ ನಿಂತ. "ಬೀಗ್ರೆ, ನೀವ್ ಬನ್ನಿ. ಡಬ್ಬಿ ಬ್ಯಾಡ."

"ಜ್ವರ ಇದೆ ಅಂತಾನೇ ತಂದದ್ದು ನಾನು!"

"ಜ್ವರ ಐತೆ ಅಂತಾನೇ ಬ್ಯಾಡ ಅಂತಿರೋದು ನಾನು!"

ಇಬ್ಬರೂ ವಿದ್ಯಾವಂತರ ಹಾಗೆ ವಾದ ಮಾಡಿದರು, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ. ಅಷ್ಟರಲ್ಲಿ ದೀಪ ಬಂದಳು. ಅಪ್ಪ ಓಡಿಹೋಗಿ ಹಣೆ ಮುಟ್ಟಿ ನೋಡಿದರು. "ಜ್ವರ ಹುಳಕ್ಕೆ ಅಪ್ಪಾ!" ಅಂತ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಡಬ್ಬಿ ಕಂಡು ನಗು ನಿಂತಿತು.

ಬೀಗರು ಮಾಸ್ಕು ಬಿಚ್ಚಿ ಜೇಬಿಗೆ ತುರುಕಿದರು. "ಹೋಗ್ಲಿ ಬಿಡು, ತಂದಿದ್ದಾಗಿದೆ. ನಮ್ಮ ಕೊಳದ ಮೊದಲನೇ ಮೀನು. ನೀನು ಒಂದು ತುಂಡಾದ್ರೂ ತಿನ್ನಬೇಕಮ್ಮ."

ತಿಂದರೆ ಸೊಪ್ಪು ಹಾಕುವ ಹಾಗಿಲ್ಲ. ತಿನ್ನದಿದ್ದರೆ ಮೊದಲ ಸಲ ಮಗಳ ಮನೆಗೆ ಕೈಯಾರೆ ತಂದದ್ದು ಬಾಗಿಲಿನಿಂದಲೇ ಹಿಂದಕ್ಕೆ ಹೋದ ಹಾಗೆ. ಹುಡುಗಿ ಅಪ್ಪನನ್ನು ನೋಡಿದಳು, ಮಾವನನ್ನು ನೋಡಿದಳು, ಕಡೆಗೆ ನನ್ನನ್ನು ನೋಡಿದಳು.

"ಮೀನು ಒಳಕ್ಕೆ ಬರಾಕಿಲ್ಲ, ಬೀಗ್ರು ಹಿಂದಕ್ಕೆ ಹೋಗಾಕಿಲ್ಲ" ಅಂದೆ. "ತೋಟದ ಪಂಪಿನ ಮನೆ ತಾವ ಒಲೆ ಹೂಡ್ತೀನಿ. ಗಾಳಿ ಮನೆಯಿಂದ ಆ ಕಡೆಗೇ ಬೀಸ್ತಾ ಐತೆ. ನೀನ್ ಒಳಕ್ಕೆ ಹೋಗವ್ವ. ಬೀಗ್ರೆ, ಡಬ್ಬಿ ಎತ್ಕಳಿ."

ಡಬ್ಬಿ ತೆಗೆದರೆ ಒಳಗೆ ಪಟಾಪಟಿ ಚಡ್ಡಿ ಹಾಕಿಕೊಂಡ ಮೀನು! ಬೆಳ್ಳಗೆ ಮಿರಮಿರ ಮಿಂಚುವ ಮೈ, ಕಿವಿರಿನಿಂದ ಬಾಲದವರೆಗೆ ಉದ್ದುದ್ದ ಕಪ್ಪು ಗೀರು. ನಮ್ಮೂರ ಪಡ್ಡೆ ಹುಡುಗರು ಒಬ್ಬರನ್ನೊಬ್ಬರು ಬಾಸು, ಬಾಸು ಅಂತ ಕೂಗುತ್ತಾರೆ. ಇದೂ ಅವರ ಹಾಗೇ ಮೈಯೆಲ್ಲ ಶೋಕಿ. ಒಳಗೆ ಇಲ್ಲದ ಮುಳ್ಳನ್ನೆಲ್ಲ ಬೆನ್ನ ಮೇಲೆ ಇಟ್ಟುಕೊಂಡಿತ್ತು, ನನ್ನ ಹೆಬ್ಬೆರಳಿಗೆ ಚುಚ್ಚಿ ಪರಿಚಯ ಹೇಳಿಕೊಂಡಿತು. ಬೂದಿ ಹಾಕಿ ಕಲ್ಲಿಗೆ ಉಜ್ಜಿ, ಉಪ್ಪು ಅರಿಶಿನದಲ್ಲಿ ತೊಳೆದೆ. ಕೊಚ್ಚೆ ವಾಸನೆ ಎಳ್ಳಷ್ಟೂ ಇರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

"ಇದಕ್ಕೆ ಮಸಾಲೆ ಬೇಡಮ್ಮ. ಸ್ವಲ್ಪ ಬೆಣ್ಣೆ ಹಚ್ಚಿ, ನಿಂಬೆಹಣ್ಣು ಹಿಂಡಿದರೆ ಸಾಕು" ಅಂದರು ಬೀಗರು.

"ಬೆಣ್ಣೆ ಹಚ್ಚೋದು ಬೀಗ್ರಿಗೆ, ಮೀನಿಗಲ್ಲ" ಅಂದೆ.

ಈರುಳ್ಳಿ ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟು, ಹುರಿದ ಧನಿಯ ಮೆಣಸಿನಕಾಯಿ ಜೊತೆ ಕಾಯಿ ಹಾಕಿ ರುಬ್ಬಿ, ಹುಣಸೆಹುಳಿ ಬಿಟ್ಟು ಕುದಿಸಿ, ಮೀನು ಹಾಕುವುದನ್ನು ಕಡೆಗಿಟ್ಟುಕೊಂಡೆ. ಮೀನು ಬಿಟ್ಟಿದ್ದೇ ತಡ, ಬೀಗರ ಕೈ ಸೌಟಿಗೆ ಹೋಯಿತು, ಒಂದು ಏಟು ಕೊಟ್ಟೆ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ಪಾಪ, ಕೈಕಟ್ಟಿ ನಿಂತರು. ಬೇಯುವ ಹೊತ್ತಲ್ಲಿ ಮೊದಲನೇ ಸೊಪ್ಪಿನ ವಿಷಯ ಹೇಳಿದೆ. "ನನಗೆ ಹೇಳಲೇ ಇಲ್ಲ ಅವಳು" ಅಂದರು. "ನೀವು ಡಬ್ಬಿ ಹಿಡ್ಕಂಡು ನಿಂತಿದ್ರಲ್ಲ, ಹೆಂಗ್ ಹೇಳಾಳು?" ಅಂದೆ.

ಗಾಳಿ ಯಾವ ಕಡೆ ತಿರುಗಿತು ಅಂತ ನೋಡೋಕೆ ನಂಜ ಬಂದ. ಒಂದು ಸಲ ಬಂದ, ಎರಡು ಸಲ ಬಂದ, ಮೂರನೇ ಸಲ ಬಂದವನು ಹೋಗಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಮುಚ್ಚಳ ತೆಗೆದೆ, ಅಷ್ಟೆ.

"ಒಂದ್ ತುಂಡು ಹಾಕವ್ವ, ಉಪ್ಪು ನೋಡ್ತೀನಿ" ಅಂದ. ಉಪ್ಪು ನೋಡುವುದಕ್ಕೆ ಎರಡು ಮುದ್ದೆ ಬೇಕಾಯಿತು.

ಅವನ ಕೈಯೆಲ್ಲ ಸಾರಾಗಿರುವ ಹೊತ್ತಿಗೆ ದೀಪ ಬದುವಿನ ಆಚೆ ನಿಂತು ಕೂಗಿದಳು. "ಮಾವಾ, ಹುಳ ಏಳ್ತಾ ಅವೆ! ಬಂದು ನೋಡ್ತೀರಾ?" ಐತೆ, ಅವೆ ಎಲ್ಲ ಕಲಿತುಬಿಟ್ಟಿದ್ದಾಳೆ. ನಂಜ ತನ್ನ ಕೈ ನೋಡಿಕೊಂಡ, ಆಮೇಲೆ ನನ್ನ ಮುಖ ನೋಡಿದ. ನಾನು ಒಲೆಯ ಸೌದೆ ಸರಿಮಾಡುತ್ತಿದ್ದೆ.

"ನೀನೇ ನೋಡ್ಕಳವ್ವ!" ಅಂತ ಕೂಗಿದ. "ಎಲ್ಲಾ ಎದ್ದ ಮೇಲೆ ಹಾಕು, ಆತ್ರ ಬ್ಯಾಡ!"

"ಅಪ್ಪಾ, ನೀವು ಊಟ ಮಾಡಿ. ಸಾರು ಒಸಿ ಇಟ್ಟಿರಿ, ನಾಳೆ ಇಲ್ಲೇ ಬಂದು ತಿಂತೀನಿ. ಮೀನ್ ಸಾರು ನಾಳೆಗೇ ರುಚಿಯಂತೆ" ಅಂದಳು.

ಬೀಗರ ತಟ್ಟೆಗೆ ಹೊಟ್ಟೆಯ ಭಾಗದ ಕೊಬ್ಬಿದ ತುಂಡನ್ನೇ ಆರಿಸಿ ಹಾಕಿದ್ದೆ. ಅವರು ಅದನ್ನು ನೋಡಿದರು, ಮಗಳನ್ನು ನೋಡಿದರು. "ನಾನು ಬರಬಹುದಾ, ನೀನು ಸೊಪ್ಪು ಹಾಕೋದು ನೋಡೋಕೆ?"

"ಮೀನು ತಿಂದ್ರಾ?"

"ಇನ್ನೂ ಬಾಯಿಗೆ ಹಾಕಿಲ್ಲ."

"ಸೋಪಿಲ್ಲದೆ ಸ್ನಾನ ಮಾಡ್ಬೇಕು ಮತ್ತೆ."

ಆ ಮನುಷ್ಯ ತಟ್ಟೆಯನ್ನು ನನ್ನ ಮುಂದೆ ಸರಿಸಿ, ಪಂಪಿನ ನೀರಿಗೆ ತಲೆ ಕೊಟ್ಟು, ಮಂಜನ ಒಗೆದ ಪಂಚೆ ಉಟ್ಟುಕೊಂಡು ಮಗಳ ಹಿಂದೆ ನಡೆದರು. ಉಳಿದವರು ನಾನು, ನಂಜ, ಬಾಸು. ಮುಳ್ಳಿಲ್ಲ, ವಾಸನೆಯಿಲ್ಲ, ತಕರಾರಿಲ್ಲ. ದೊಡ್ಡ ನೌಕರಿಯ ಅಳಿಯನ ಹಾಗೆ ಮೀನು. ಹುಳಿ ಹಿಡಿಯುವುದಿಲ್ಲ ಇದಕ್ಕೆ, ಸಪ್ಪೆ, ಅಂತ ನಾನು ಹೇಳುತ್ತಲೇ ಇದ್ದೆ. "ಮೂರ್ನೇ ತುಂಡು ಕಣವ್ವ ಅದು" ಅಂದ ನಂಜ. ಲೆಕ್ಕ ಹಾಕುವುದರಲ್ಲಿ ಅಪ್ಪನನ್ನೇ ಹೋಲುತ್ತಾನೆ.

ಬೀಗರು ತಿರುಗಿ ಬಂದಾಗ ಕಣ್ಣು ಕೆಂಪಗಿತ್ತು, ಸುಣ್ಣದ ಪುಡಿ ಇರಬೇಕು. ಬಂದವರೇ ಬೆಂಗಳೂರಿನಲ್ಲಿ ಕಾಯುತ್ತಿದ್ದ ಹೆಂಡತಿಗೆ ಫೋನು ಹಚ್ಚಿದರು. "ಎಲ್ಲಾ ಹುಷಾರು ಕಣೆ! ಜ್ವರ ಬಿಟ್ಟಿದೆ. ಎದ್ದು ಸೊಪ್ಪು ತಿಂತಾ ಅವೆ. ದೀಪಾನೇ ಹಾಕಿದ್ಲು, ಒಂದೊಂದನ್ನೂ ನೋಡಿ ನೋಡಿ!"

ಆ ಕಡೆಯ ಗಾಬರಿ ನಮಗೂ ಕೇಳಿಸಿತು. "ಸೊಪ್ಪಾ? ಜ್ವರದಿಂದ ಎದ್ದೋರಿಗೆ ಬರೀ ಸೊಪ್ಪಾ? ಮೀನು ಏನಾಯ್ತು ರೀ?"

ಬೀಗರು ತಿರುಗಿ ನೋಡಿದರು. ನಾನು ಬಾಸಿನ ತಲೆ ಚೀಪುತ್ತಿದ್ದೆ.

"ಮೀನು," ಅಂದರು, "ಜ್ವರ ಇಲ್ಲದೋರು ತಿಂತಾ ಇದ್ದಾರೆ."