ನಿನ್ನೆ ಗುರುಗುಟ್ಟಿ ಇವತ್ತ ಬುಸುಗುಟ್ಟಿದ ಮೋಟಾರು

ಗೆಳೆಯಾರ, ನನ್ನ ಕೈಕೆಲಸಕ್ಕ ತಪ್ಪು ಹಿಡಿಯಾವರು ಇವತ್ತ ಸೋತ್ರು. ಸಂಸ್ಥಾನದ ಕಾಲದ ನಮ್ಮ ಮೋಟಾರು ಗಾಡಿಗೆ ನಿನ್ನೆ ನಾನ ದೊಡ್ಡ ಕೊಳವಿಯ ಮುಂಬಯಿ ಸೈಲೆನ್ಸರ್ ಕೂಡಿಸಿದ್ದೆ. ಹುಲಿಹಂಗ ಗುರ್ ಅಂತಿತ್ತು. ಇವತ್ತ ಮೂಗು ಕಟ್ಟಿದವರಂಗ ಬುಸ್ ಅಂತ, ಮಹಾಲಿಂಗಪುರದ ಹಾದ್ಯಾಗ ಸಣ್ಣ ಏರು ಸೈತ ಹತ್ತಲಿಲ್ಲ.

"ದೊಡ್ಡ ಕೊಳವಿ ಹಾಕಿ ಕೆಡಿಸೀರಿ, ಹಳೇದ ಹಾಕ್ರಿ," ಅಂದ ಮೇಸ್ತ್ರಿ ಹುಸೇನಸಾಬ.

"ನನ್ನ ಕೆಲಸ ತಪ್ಪಂಗಿಲ್ಲ," ಅಂದು ಕೊಳವಿಯೊಳಗ ಕಡ್ಡಿ ಹಾಕಿ ಎಳದೆ. ಕರ್ರಗ ಸುಟ್ಟ ಕಡಬು ಬಂತು! ತೆಗೆದ ಕೂಡಲೇ ಮತ್ತ ಹುಲಿ ಗುರುಗುಟ್ಟಿತು.

ಮನಿಗೆ ಬಂದು, ನಿನ್ನೆ ಕಡಬು ಮಾಡಿದ್ದ ಅವ್ವನ್ನ ಕೇಳಿದೆ.

"ಹೊಸಾ ಕೊಳವಿ ಅಲ್ಲೇನೋ ಯಪ್ಪಾ, ಪೂಜಿ ಮಾಡಿ ಎತ್ತಿಗೆ ತಿನಿಸಿದಂಗ ಕಡಬು ತಿನಿಸೇನಿ. ಬಾಯಿ ತಕ್ಕೊಂಡ ನಿಂತಿತ್ತು," ಅಂದ್ಲು.

ಎಂಥಾ ಮೋಟಾರು ರಿಪೇರಿ ಬೇಕಾದ್ರೂ ಮಾಡತೇನಿ. ಆದ್ರ ಅದು ಬಾಯಿ ಅಲ್ಲ ಅಂತ ಅವ್ವಗ ಹೇಳೋದು ನನ್ನ ಕಡೆ ಆಗಂಗಿಲ್ಲ.